ಪೋಲ್ಸ್ಕಾ, ಮಜೂರೆಕ್: ಸಮ ಇಲ್ಲದ ಮೂರು ಪೆಟ್ಟು

ಸ್ವೀಡನ್ನಿನ ಹಳ್ಳಿ ಪಿಟೀಲುಗಾರರು ಜಾಸ್ತಿ ನುಡಿಸುವ ಕುಣಿತದ ಮಟ್ಟುಗಳಲ್ಲಿ ಒಂದು ಪೋಲ್ಸ್ಕಾ. ಸ್ವೀಡಿಷ್‌ನಲ್ಲಿ ಆ ಪದಕ್ಕೆ 'ಪೋಲೆಂಡಿನದು' ಅಂತ ಅರ್ಥ. ಅತ್ತ ಪೋಲೆಂಡಿನವರು ತಮ್ಮ ದೇಶವನ್ನೇ ಪೋಲ್ಸ್ಕಾ ಅನ್ನುತ್ತಾರೆ. ನಂಟು ಹೆಸರಲ್ಲೇ ಇದೆ, ಅಲ್ವಾ?

1592ರಿಂದ 1599ರವರೆಗೆ ಸಿಗಿಸ್ಮಂಡ್ ವಾಸಾ ಎರಡೂ ದೇಶಗಳಿಗೆ ರಾಜ. ಹಾಗಂತ ಅವನೊಬ್ಬನೇ ಕುಣಿತವನ್ನು ತಂದ ಅಂತ ಅಂದುಕೊಳ್ಳಬೇಡಿ. ಆ ಕಾಲದಲ್ಲಿ ಉತ್ತರ ಯುರೋಪಿನ ಎಷ್ಟೋ ಕಡೆ ಪೋಲಿಷ್ ಕುಣಿತ ಫ್ಯಾಷನ್ ಆಗಿತ್ತು. ಮೊದಲು ಎರಡರ ಲೆಕ್ಕದಲ್ಲಿ ನಿಧಾನ ನಡಿಗೆ. ಆಮೇಲೆ ಅದೇ ಮಟ್ಟು ಮೂರರ ಲೆಕ್ಕಕ್ಕೆ ತಿರುಗಿ ಚುರುಕಾಗುತ್ತಿತ್ತು. ಸ್ವೀಡನ್ನಿನಲ್ಲಿ ಬೆಳೆದದ್ದು ಹೆಚ್ಚಾಗಿ ಈ ಎರಡನೇ ಭಾಗ. ಪೋಲೆಂಡಿನ ಮೂರರ ಕುಣಿತಗಳು ಮಜೂರೆಕ್, ಒಬೆರೆಕ್, ಕುಯಾವ್ಯಾಕ್.

ಕಷ್ಟ ಇರುವುದು ಆ ಮೂರರಲ್ಲೇ. 'ತಕಿಟ' ಅಂತ ಸಮನಾಗಿ ತಟ್ಟಿದರೆ ಪೋಲ್ಸ್ಕಾನೂ ಸಿಗುವುದಿಲ್ಲ, ಮಜೂರೆಕ್ಕೂ ಸಿಗುವುದಿಲ್ಲ. ನಾನು ಸಮನಾಗಿ ಟಕ್ ಟಕ್ ಅನ್ನುವ ತಾಳಯಂತ್ರ ಮೆಟ್ರೊನೋಮ್ ಹಾಕಿಕೊಂಡು ಸುಮ್ನೆ ಒಂದು ಸಂಜೆ ಹಾಳು ಮಾಡಿದೆ. ಸ್ವೀಡನ್ನಿನ ದಾಲಾರ್ನಾ ಪ್ರಾಂತ್ಯದ ಕೆಲವು ಊರುಗಳ ಪೋಲ್ಸ್ಕಾದಲ್ಲಿ ಮೊದಲ ಪೆಟ್ಟು ಗಿಡ್ಡ, ಎರಡನೆಯದು ಬೇಗ ಬಂದು ಉದ್ದಕ್ಕೆ ನಿಲ್ಲುತ್ತದೆ. ಮಜೂರೆಕ್‌ನಲ್ಲಿ ಒತ್ತು ಎರಡಕ್ಕೋ ಮೂರಕ್ಕೋ ಜಾರುತ್ತದೆ, ಕಾಲವೂ ಹಿಗ್ಗಿ ಕುಗ್ಗುತ್ತದೆ. ಪೋಲೆಂಡಿನ ಸಂಗೀತ ರಚನೆಕಾರ ಶೋಪ್ಯಾಂ ಇದೇ ಕುಣಿತದ ಮಾದರಿಯಲ್ಲಿ ಪಿಯಾನೊಗೆ ಬರೆದ ತನ್ನ ಮಜುರ್ಕಾ ನುಡಿಸಿದಾಗ ಪಿಯಾನೊ ವಾದಕ ಚಾರ್ಲ್ಸ್ ಹಾಲೆಗೆ ಅದು ನಾಲ್ಕರ ಲೆಕ್ಕದಂತೆ ಕೇಳಿಸಿತಂತೆ!

ಈಗ ಇವನ್ನು ಹೊಸದಾಗಿ ನುಡಿಸುವವರ ಮುಂದೆ ಇರುವುದೂ ಇದೇ ತೊಡಕು. ಪೋಲೆಂಡಿನಲ್ಲಿ 19ನೇ ಶತಮಾನದ ಆಸ್ಕರ್ ಕೋಲ್ಬರ್ಗ್ ಮಾಡಿದ ಜಾನಪದ ಮಟ್ಟುಗಳ ಸಂಗ್ರಹ ಇದೆ. ಸ್ವೀಡನ್ನಿನಲ್ಲಿ 1922ರಿಂದ 1940ರವರೆಗೆ ಬಂದ, ಹಳ್ಳಿ ಮಟ್ಟುಗಳ 'ಸ್ವೆನ್ಸ್ಕಾ ಲೋತಾರ್' ಸಂಪುಟಗಳಿವೆ. ಸ್ವರ ಅಲ್ಲಿ ಸಿಗುತ್ತದೆ, ಆದರೆ ಆ ಗಿಡ್ಡ-ಉದ್ದದ ಓಲಾಟ ಸಾಮಾನ್ಯ ಸ್ವರಲಿಪಿಯಲ್ಲಿ ಹಿಡಿಯುವುದು ಕಷ್ಟ. ಅದಕ್ಕೇ ಪೋಲೆಂಡಿನ ಪಿಟೀಲುಗಾರ ಯಾನುಶ್ ಪ್ರುಶಿನೋವ್ಸ್ಕಿಯಂಥವರು ಹಳ್ಳಿಯ ಹಿರಿಯ ವಾದಕರ ಹತ್ತಿರ ಹೋಗಿ ಕಲಿತರು. ಸ್ವೀಡನ್ನಿನ ವೆಸೆನ್ ತಂಡ ನಿಕೆಲ್‌ಹಾರ್ಪಾ (ಕೀಲಿಗಳಿರುವ, ಕಮಾನಿನಿಂದ ನುಡಿಸುವ ತಂತಿವಾದ್ಯ), ವಯೋಲಾ ಜೊತೆ ಹನ್ನೆರಡು ತಂತಿಯ ಗಿಟಾರ್ ಸೇರಿಸಿತು. ವಾದ್ಯ ಹೊಸದು, ಓಲಾಟ ಹಳೆಯದು. ನನಗೆ ಈ ದಾರಿ ಹೆಚ್ಚು ಹಿಡಿಸುತ್ತದೆ.

ಪೋಲ್ಸ್ಕಾ, ಮಜೂರೆಕ್ ಎರಡನ್ನೂ ಕೂಡಿಸಿ ನುಡಿಸುವಾಗ ಮಾತ್ರ ಜಾಗ್ರತೆ ಬೇಕು. ಸ್ವೀಡನ್ನಿನ ಪಿಟೀಲುಗಾರ ತನ್ನ ಕಾಲಲ್ಲೇ ಒಂದನೇ ಪೆಟ್ಟಿಗೂ ಮೂರನೆಯದಕ್ಕೂ ತಟ್ಟುತ್ತಾನೆ, ಎರಡನೇ ಪೆಟ್ಟು ಗಾಳಿಯಲ್ಲಿ ಇರುತ್ತದೆ. ಪೋಲಿಷ್ ಹಳ್ಳಿ ಮೇಳದಲ್ಲಿ ತಾಳ ಹಿಡಿಯುವ ಆ ಕೆಲಸ ಬಾಸಿ ಅನ್ನುವ ದೊಡ್ಡ ತಂತಿವಾದ್ಯ ಮತ್ತು ಡೋಲಿನದು. ಪೋಲ್ಸ್ಕಾಕ್ಕೆ ಡೋಲು ಹಾಕಿ ಮೂರನ್ನೂ ಸಮನಾಗಿ ಬಾರಿಸಿಬಿಟ್ಟರೆ, ಕುಣಿಯುವ ಜೋಡಿಗೆ ತಿರುಗುವ ಜಾಗವೇ ಸಿಗುವುದಿಲ್ಲ.