ಹೂಕಣಿವೆಯ ಬಿಳಿ ಪರ್ನಾಸಿಯಾ: ಗುರುತು ಹಿಡಿಯುವ ಬಗೆ

ಮಳೆಗಾಲದಲ್ಲಿ ಉತ್ತರಾಖಂಡದ ಹೂಕಣಿವೆಗೆ ಹೋಗಿ ಬಂದವರ ಮೊಬೈಲಿನಲ್ಲಿ ಹೆಸರು ಗೊತ್ತಿಲ್ಲದ ಬಿಳಿ ಹೂಗಳ ಚಿತ್ರ ರಾಶಿ ಬಿದ್ದಿರುತ್ತದೆ. ಐದು ಎಸಳು, ಎರಡು ಮೂರು ಸೆಂಟಿಮೀಟರ್ ಅಗಲ, ಜೌಗು ಹುಲ್ಲಿನ ನಡುವೆ ಗೇಣುದ್ದದ ದಂಟು. ಇಷ್ಟೇ ಹೇಳಿದರೆ ಹಿಮಾಲಯದ ಎಷ್ಟೋ ಗಿಡಗಳು ನಾನು ನಾನು ಎಂದು ಮುಂದೆ ಬರುತ್ತವೆ. ಅವುಗಳಲ್ಲಿ ಪರ್ನಾಸಿಯಾ ನುಬಿಕೋಲಾ ಎಂಬುದನ್ನು ಮಾತ್ರ ಒಮ್ಮೆ ಹತ್ತಿರದಿಂದ ನೋಡಿದವರು ಮತ್ತೆ ಬೇರೆಯದೆಂದು ತಿಳಿಯಲಾರರು.

ಹೂವಿಗಿಂತ ಮೊದಲು ದಂಟನ್ನು ನೋಡಬೇಕು. ಬುಡದಲ್ಲಿ ಉದ್ದ ತೊಟ್ಟಿನ, ಹೃದಯದಾಕಾರದ ಎಲೆಗಳ ಗುಂಪು. ಅದರಿಂದ ಕವಲೇ ಇಲ್ಲದೆ ಏಳುವ ದಂಟಿಗೆ ಒಂದೇ ಒಂದು ಎಲೆ; ಅದಕ್ಕೆ ತೊಟ್ಟಿಲ್ಲ, ದಂಟನ್ನೇ ತಬ್ಬಿಕೊಂಡಿರುತ್ತದೆ. ತುದಿಯಲ್ಲಿ ಒಂದೇ ಹೂವು. ಅದೇ ಕಣಿವೆಯ ಬಿಳಿ ಅನಿಮೋನ್ ದಂಟು ಕವಲೊಡೆದು ಹಲವು ಹೂ ಬಿಡುತ್ತದೆ. ಸ್ಟೆಲೇರಿಯಾ ಎಂಬ ಇನ್ನೊಂದು ಬಿಳಿ ಹೂಗಿಡದ ಎಲೆಗಳು ಜೋಡಿಜೋಡಿಯಾಗಿರುತ್ತವೆ, ಎಸಳುಗಳು ಸೀಳಿರುತ್ತವೆ. ಕಾಡು ಸ್ಟ್ರಾಬೆರಿಯದು ಮೂರೆಲೆ.

ಈಗ ಹೂವಿನೊಳಗೆ ಬಗ್ಗಿ ನೋಡೋಣ. ಪರಾಗ ಹೊತ್ತ ಕೇಸರಗಳು ಐದೇ. ಅನಿಮೋನಿನಲ್ಲಿ ಅವು ಲೆಕ್ಕಕ್ಕೆ ಸಿಗದಷ್ಟು. ಆ ಐದರ ನಡುನಡುವೆ, ಪ್ರತಿ ಎಸಳಿನ ಎದುರಿಗೆ ಮೂರು ಸೀಳಿನ ಹಳದಿ ಛಾಯೆಯ ಪುಟ್ಟ ಅಂಗವೊಂದಿದೆ. ಇವು ಪರಾಗವಿಲ್ಲದ ಕೇಸರಗಳು, ಅಂದರೆ ವಂಧ್ಯ ಕೇಸರಗಳು. ಪರ್ನಾಸಿಯಾ ಕುಲದ ನಿಜವಾದ ಸಹಿ ಇದೇ.

ಇದರ ಸೊಗಸು ಪೂರ್ತಿ ಕಾಣುವುದು ಯುರೋಪಿನ ಜೌಗು ನೆಲದ ಪರ್ನಾಸಿಯಾ ಪಲುಸ್ಟ್ರಿಸ್‌ನಲ್ಲಿ. ಅಲ್ಲಿ ಪ್ರತಿ ವಂಧ್ಯ ಕೇಸರವೂ ಬಾಚಣಿಗೆಯ ಹಲ್ಲುಗಳಂತೆ ಎಳೆಎಳೆಯಾಗಿ ಒಡೆದಿರುತ್ತದೆ, ಎಳೆಯ ತುದಿಗೊಂದು ಹೊಳೆಯುವ ಗುಂಡು. ಮಕರಂದದ ಹನಿ ಎಂದು ನೊಣಗಳು ಧಾವಿಸುತ್ತವೆ, ಆದರೆ ಗುಂಡು ಒಣ. ಜರ್ಮನಿಯ ಸಸ್ಯವಿಜ್ಞಾನಿ ಕ್ರಿಶ್ಚಿಯನ್ ಸ್ಪ್ರೆಂಗೆಲ್ 1793ರಷ್ಟು ಹಿಂದೆಯೇ ಇದನ್ನು ಗಮನಿಸಿದ್ದರು. ಹಾಗೆಂದು ಇದನ್ನು ಬರೀ ಮೋಸವೆನ್ನುವುದು ಅನ್ಯಾಯ. ವಂಧ್ಯ ಕೇಸರದ ಬುಡದಲ್ಲಿ ನಿಜವಾದ ಮಕರಂದವೂ ಸ್ವಲ್ಪ ಒಸರುತ್ತದೆ. ದೂರದಿಂದ ಕರೆಯುವುದಷ್ಟೇ ಮೇಲಿನ ಹೊಳಪಿನ ಕೆಲಸ.

ಒಂದೇ ಗಿಡದ ಎರಡು ಚಿತ್ರ ಬೇರೆಬೇರೆ ಹೂವಿನಂತೆ ಕಾಣುವುದಕ್ಕೂ ಕಾರಣವಿದೆ. ಐದು ಕೇಸರಗಳು ಒಟ್ಟಿಗೆ ಬಲಿಯುವುದಿಲ್ಲ. ಒಂದು ಕೇಸರ ಉದ್ದವಾಗಿ, ಒಳಕ್ಕೆ ಬಾಗಿ, ಅಂಡಾಶಯದ ನೆತ್ತಿಯ ಮೇಲೆ ಪರಾಗ ತೆರೆಯುತ್ತದೆ. ಕೆಲಸ ಮುಗಿದೊಡನೆ ಅದು ಹೊರಕ್ಕೆ ಬಾಗಿ ಮುಂದಿನದಕ್ಕೆ ಜಾಗ ಬಿಡುತ್ತದೆ. ಸಾಮಾನ್ಯವಾಗಿ ದಿನಕ್ಕೊಂದರ ಸರದಿ. ಐದೂ ಮುಗಿದ ಮೇಲೆಯೇ ನಡುವಿನ ಶಲಾಕಾಗ್ರ, ಅಂದರೆ ಹೆಣ್ಣುಭಾಗದ ತುದಿ, ಪರಾಗ ಸ್ವೀಕರಿಸಲು ಸಿದ್ಧವಾಗುವುದು. ತನ್ನ ಪರಾಗ ತನಗೇ ತಗಲುವ ಸಾಧ್ಯತೆ ಇದರಿಂದ ಬಹಳ ತಗ್ಗುತ್ತದೆ. ಇಷ್ಟು ಶಿಸ್ತಿನ ಸರದಿಯನ್ನು ಬರಿಗಣ್ಣಿನಲ್ಲೇ ನೋಡಲು ಸಿಗುವ ಹೂಗಳು ಅಪರೂಪ.

ನಮಗೆ ಹತ್ತಿರದ ನೀಲಗಿರಿಯಲ್ಲೂ ಈ ಕುಲವಿದೆ. ಅಲ್ಲಿನ ಪರ್ನಾಸಿಯಾ ವೈಟಿಯಾನಾದ ಎಸಳಿನ ಕೆಳಭಾಗದ ಅಂಚಿಗೆ ಕುಚ್ಚಿನಂಥ ಎಳೆಗಳಿರುತ್ತವೆ. ಹಿಮಾಲಯದ ನಮ್ಮ ಹೂವಿಗೆ ಆ ಕುಚ್ಚಿಲ್ಲ. ಮೈಸೂರಿನ ಹೆಸರು ಹೊತ್ತ ಪರ್ನಾಸಿಯಾ ಮೈಸೊರೆನ್ಸಿಸ್ ಕೂಡ ಇದೆ. ಮೈಸೂರು ಸೀಮೆಯಲ್ಲಿ ಗಿಡ ಸಂಗ್ರಹಿಸಿದ ಬೆಂಜಮಿನ್ ಹೇಯ್ನ್ ಸೂಚಿಸಿದ್ದ ಈ ಹೆಸರನ್ನು ಸಸ್ಯವಿಜ್ಞಾನಿಗಳಾದ ರಾಬರ್ಟ್ ವೈಟ್ ಮತ್ತು ಆರ್ನಟ್ 1834ರಲ್ಲಿ ಪ್ರಕಟಿಸಿದರು.

ಚಿತ್ರ ತೆಗೆಯುವವರಲ್ಲಿ ಒಂದು ಕೋರಿಕೆ. ನೇರ ಮೇಲಿನಿಂದ ತೆಗೆದ ಒಂದೇ ಚಿತ್ರದಲ್ಲಿ ದಂಟಿನ ಆ ಒಂಟಿ ಎಲೆ ಮುಚ್ಚಿಹೋಗುತ್ತದೆ. ಪಕ್ಕದಿಂದ ಇಡೀ ಗಿಡ, ಬುಡದ ಎಲೆ, ಹೂವಿನ ನಡುಭಾಗ, ಮೂರನ್ನೂ ತೆಗೆಯಿರಿ. ಕಿತ್ತು ನೋಡುವುದು ಮಾತ್ರ ಬೇಡ. ಇದು ನೆಲದೊಳಗಿನ ಗಡ್ಡೆಯಂಥ ಕಾಂಡದಿಂದ ವರ್ಷವರ್ಷವೂ ಚಿಗುರುವ ಗಿಡ. ಬೀಜವಾಗಲು ದಂಟಿಗೆ ಇರುವುದೂ ಒಂದೇ ಹೂವು.