ಬೊಹಾಲಿ ಅಂದರೆ ಹೆಣ್ಣಿನ ಬೆಲೆ ಅಲ್ಲ, ಹಾಗಾದರೆ ಏನು?

ಲೆಸೊಥೊ ದೇಶದ ಜನರ ಬಗ್ಗೆ ಏನೇ ಓದಲು ಕೂತರೂ ಒಂದಲ್ಲ ಒಂದು ಕಡೆ ‘ಬೊಹಾಲಿ’ ಅನ್ನುವ ಪದ ಸಿಗುತ್ತದೆ. ಬರೆಯುವುದು ಹಾಗೆ, ಆದರೆ ಅಲ್ಲಿನವರು ಹೇಳುವಾಗ ಅದು ‘ಬೊಹಾಡಿ’ ಅಂತ ಕೇಳಿಸುತ್ತದೆ. ಮದುವೆ ಸಮಯದಲ್ಲಿ ಗಂಡಿನ ಮನೆಯವರು ಹೆಣ್ಣಿನ ಮನೆಯವರಿಗೆ ಕೊಡುವ ದನಗಳಿಗೆ ಈ ಹೆಸರು. ನಮ್ಮಲ್ಲೂ ಹಿಂದೆ ಎಷ್ಟೋ ಸಮುದಾಯಗಳಲ್ಲಿ ‘ತೆರ’ ಕೊಡುವ ಪದ್ಧತಿ ಇತ್ತು, ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಅದು ಗೊತ್ತಿದ್ದವರಿಗೆ ಅರ್ಧ ಅರ್ಥ ಆಯಿತು. ಉಳಿದರ್ಧ ಇದೆಯಲ್ಲ, ಅದರಲ್ಲೇ ಆ ಸಮಾಜ ಪೂರ್ತಿ ಅಡಗಿದೆ.

ಮೊದಲು ದೇಶ ಎಲ್ಲಿದೆ ನೋಡೋಣ. ಲೆಸೊಥೊಗೆ ಸಮುದ್ರ ಇಲ್ಲ, ಅಷ್ಟೇ ಅಲ್ಲ, ಎರಡನೇ ನೆರೆದೇಶವೂ ಇಲ್ಲ. ನಾಲ್ಕೂ ಕಡೆ ದಕ್ಷಿಣ ಆಫ್ರಿಕಾ. ವಿಸ್ತೀರ್ಣ 30,355 ಚದರ ಕಿಲೋಮೀಟರ್, ಅಂದರೆ ಕೇರಳಕ್ಕಿಂತ ಚಿಕ್ಕದು. 2016ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 20 ಲಕ್ಷ. ಹೆಚ್ಚುಕಡಿಮೆ ಎಲ್ಲರೂ ಬಸೊಥೊ ಜನ, ಮಾತು ಸೆಸೊಥೊ. ದೇಶದ ಅತಿ ತಗ್ಗಿನ ಜಾಗವೇ ಸಮುದ್ರಮಟ್ಟದಿಂದ 1,400 ಮೀಟರ್ ಎತ್ತರದಲ್ಲಿದೆ. ಉಳುವ ಭೂಮಿ ಕಡಿಮೆ, ಬೆಟ್ಟದ ಹುಲ್ಲುಗಾವಲು ಜಾಸ್ತಿ. ಹಾಗಾಗಿ ದನವೇ ಆಸ್ತಿ.

ಹಳೆಯ ಲೆಕ್ಕದಲ್ಲಿ ಪೂರ್ತಿ ಬೊಹಾಲಿ ಅಂದರೆ 20 ದನ, 10 ಕುರಿ ಅಥವಾ ಆಡು, ಒಂದು ಕುದುರೆ. ಅಬ್ಬಾ, ಇಷ್ಟನ್ನು ಯಾರು ಕೊಡುತ್ತಾರೆ ಅನಿಸುತ್ತದೆ ಅಲ್ವಾ? ಒಂದೇ ಸಲಕ್ಕೆ ಕೊಡುವವರು ಬಹಳ ಕಡಿಮೆ, ಮತ್ತು ಒಂದೇ ಸಲಕ್ಕೆ ಕೊಡಲಿ ಅಂತ ಯಾರೂ ಕಾಯುವುದೂ ಇಲ್ಲ. ಬಸೊಥೊ ಸಂಪ್ರದಾಯದ ನಿಯಮಗಳು 1903ರಲ್ಲಿ ಬರಹಕ್ಕಿಳಿದವು, ಅವಕ್ಕೆ ‘ಲೆರೊಥೊಲಿ ಕಾನೂನುಗಳು’ ಅಂತ ಹೆಸರು. ಅವು ಸಂಪ್ರದಾಯದ ಮದುವೆಗೆ ಮೂರು ವಿಷಯ ಕೇಳುತ್ತವೆ. ಹುಡುಗ ಹುಡುಗಿ ಒಪ್ಪಿರಬೇಕು, ಎರಡೂ ಮನೆಯ ಹಿರಿಯರು ಮದುವೆಗೂ ಬೊಹಾಲಿಯ ಮೊತ್ತಕ್ಕೂ ಒಪ್ಪಿರಬೇಕು, ಪೂರ್ತಿ ಅಲ್ಲದಿದ್ದರೂ ಒಂದು ಭಾಗ ಸಂದಾಯ ಆಗಿರಬೇಕು. ಉಳಿದದ್ದು ವರ್ಷಗಟ್ಟಲೆ ನಿಧಾನವಾಗಿ ಹೋಗುತ್ತದೆ. ಮಗಳ ಮದುವೆಯಲ್ಲಿ ಬಂದ ದನದಿಂದ ತಾಯಿಯ ಬೊಹಾಲಿ ಬಾಕಿ ತೀರಿಸಿದ ಮನೆಗಳೂ ಉಂಟು.

ಬೆಲೆ ಅನ್ನುವ ಮಾತು ಇಲ್ಲೇ ಸೋಲುವುದು. ಸಂತೆಯಲ್ಲಿ ದುಡ್ಡು ಕೊಟ್ಟು ಮಾಲು ತಗೊಂಡರೆ ಸಂಬಂಧ ಅಲ್ಲಿಗೆ ಮುಗಿಯಿತು. ಬೊಹಾಲಿಯಲ್ಲಿ ಬಾಕಿ ಇರುವವರೆಗೂ ಎರಡು ಮನೆಗಳಿಗೆ ಹೋಗಿಬರುವ ಕೆಲಸ ಇದ್ದೇ ಇರುತ್ತದೆ. ಬಂದ ದನವನ್ನೂ ಅಪ್ಪ ಒಬ್ಬನೇ ಇಟ್ಟುಕೊಳ್ಳುವಂತಿಲ್ಲ, ಹುಡುಗಿಯ ಸೋದರಮಾವನಿಗೂ ಪಾಲು ಹೋಗಬೇಕು. ಅವನನ್ನು ‘ಮಲೋಮೆ’ ಅಂತಾರೆ.

ಈ ದನ ಏನನ್ನು ಕೊಡಿಸುತ್ತದೆ ಅಂತ ಕೇಳಿದರೆ, ಬಸೊಥೊ ಹಿರಿಯರ ಬಳಿ ಒಂದು ಗಾದೆ ಇದೆ: ‘ಙ್ವಾನ ಕೆ ವಾ ಡಿಖೊಮೊ’. ಮಗು ದನಗಳದ್ದು ಅಂತ. ಅಂದರೆ ದನ ಯಾವ ಮನೆಯಿಂದ ಹೋಯಿತೋ ಮಗು ಆ ಮನೆಯದ್ದು. ಬೊಹಾಲಿ ಸಂದಿದ್ದರೆ ಮಗು ಅಪ್ಪನ ಕುಲದ ಹೆಸರು ಪಡೆಯುತ್ತದೆ, ಅವರ ಹಿರಿಯರಿಗೆ ಸೇರುತ್ತದೆ. ಏನೂ ಸಂದಿಲ್ಲ ಅಂದರೆ ಮಗು ತಾಯಿಯ ತವರಿನದು, ಅಜ್ಜನ ಮನೆತನದ ಹೆಸರು ಅದಕ್ಕೆ. ಹೆತ್ತವನು ಯಾರು ಅನ್ನುವುದು ಬೇರೆ ಪ್ರಶ್ನೆ, ಸಮಾಜದ ಕಣ್ಣಿಗೆ ಅಪ್ಪ ಯಾರು ಅನ್ನುವುದು ಬೇರೆ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಕೊಟ್ಟಿಗೆಯಲ್ಲಿದೆ.

ಸೊಸೆ ಮನೆಗೆ ಬಂದ ದಿನ ಏನಾಗುತ್ತದೆ ನೋಡಿ. ಅವಳಿಗಾಗಿ ಒಂದು ಕುರಿ ಕಡಿಯುತ್ತಾರೆ. ಅದರ ಹೆಸರು ‘ಕ್ವಾಯೆ’ ಕುರಿ, ಅದು ಆದ ಮೇಲೆ ಅವಳು ಈ ಮನೆಯವಳು. ಜೊತೆಗೆ ಹೊಸ ಹೆಸರು ಇಡುತ್ತಾರೆ. ‘ಮಾಥಾಬೊ’ ಅಂತ ಇಟ್ಟರು ಅಂದುಕೊಳ್ಳಿ, ಥಾಬೊನ ತಾಯಿ ಅಂತ ಅದರ ಅರ್ಥ. ಥಾಬೊ ಇನ್ನೂ ಹುಟ್ಟೇ ಇಲ್ಲ! ಮುಂದೆ ಹುಟ್ಟುವ ಮೊದಲ ಮಗುವಿನ ಹೆಸರನ್ನು ಅತ್ತೆಮನೆ ಈಗಲೇ ಅವಳ ಮೇಲೆ ಬರೆದಾಯಿತು. ಮಾವನ ಹೆಸರನ್ನು ಅವಳು ಬಾಯಲ್ಲಿ ಆಡುವಂತಿಲ್ಲ. ನನಗೆ ಈ ಹೆಸರಿಡುವ ಪದ್ಧತಿ ಚೆಂದವಾಗಿಯೂ ಭಾರವಾಗಿಯೂ ಕಾಣುತ್ತದೆ, ಎರಡೂ ನಿಜ.

ಬೊಹಾಲಿ ಮನೆಗಳನ್ನಷ್ಟೇ ಅಲ್ಲ, ದೇಶವನ್ನೂ ಕಟ್ಟಿದೆ. 19ನೇ ಶತಮಾನದ ಮೊದಲ ಭಾಗದಲ್ಲಿ ದಕ್ಷಿಣ ಆಫ್ರಿಕಾದ ಒಳನಾಡು ಯುದ್ಧ, ಬರಗಾಲದಲ್ಲಿ ಚೆಲ್ಲಾಪಿಲ್ಲಿ ಆಗಿತ್ತು. 1824ರಲ್ಲಿ ಥಾಬಾ ಬೊಸಿಯು ಬೆಟ್ಟ ಹತ್ತಿ ಕೂತ ಬಸೊಥೊ ದೊರೆ ಒಂದನೇ ಮೊಶ್ವೇಶ್ವೆ, ಬೇರೆ ಬೇರೆ ಕಡೆಯಿಂದ ಓಡಿ ಬಂದವರಿಗೆ ಜಾಗ ಕೊಟ್ಟ, ಸಾಕಿಕೊಳ್ಳಿ ಅಂತ ದನ ಕೊಟ್ಟ. ದನ ಅವನದು, ಹಾಲು ಸಾಕಿದವರದು. ಇದಕ್ಕೆ ‘ಮಾಫಿಸಾ’ ಅಂತ ಹೆಸರು. ಕೈಯಲ್ಲಿ ಏನೂ ಇಲ್ಲದ ಹುಡುಗರಿಗೆ ಬೊಹಾಲಿಯನ್ನೂ ತಾನೇ ಕೊಟ್ಟು ಮದುವೆ ಮಾಡಿಸಿದ. ಯೋಚನೆ ಮಾಡಿ, ಹಾಗೆ ಮದುವೆಯಾದವನ ಮಕ್ಕಳು ಯಾರ ದನದ ಮಕ್ಕಳು? ನಿರಾಶ್ರಿತರು ಒಂದೇ ತಲೆಮಾರಿನಲ್ಲಿ ಬಸೊಥೊ ಆಗಿದ್ದರ ಹಿಂದೆ ಈ ದನಗಳ ಪಾತ್ರ ದೊಡ್ಡದು. 1833ರಲ್ಲಿ ಬಂದ ಫ್ರೆಂಚ್ ಮಿಷನರಿಗಳು ಬೊಹಾಲಿಯನ್ನು ಹೆಣ್ಣಿನ ವ್ಯಾಪಾರ ಅಂತಲೇ ನೋಡಿದರು, ಬಹಳ ವಿರೋಧಿಸಿದರು. ಚರ್ಚ್ ಬೆಳೆಯಿತು, ಬೊಹಾಲಿಯೂ ಉಳಿಯಿತು.

ಆಮೇಲೆ ಗಣಿಗಳು ಬಂದವು. ಮೊದಲು ಕಿಂಬರ್ಲಿಯ ವಜ್ರ, 1886ರಿಂದ ಜೋಹಾನ್ಸ್‌ಬರ್ಗ್ ಕಡೆಯ ಚಿನ್ನ. 1890ರ ದಶಕದ ಕೊನೆಗೆ ದನಗಳಿಗೆ ಬಂದ ದೊಡ್ಡ ರೋಗದಲ್ಲಿ ಬಹುಪಾಲು ಹಿಂಡು ಸತ್ತೇ ಹೋಯಿತು. ಹುಡುಗರು ಗಡಿ ದಾಟಿ ಗಣಿಗೆ ಇಳಿದು, ಸಂಬಳ ತಂದು, ಅದನ್ನು ದನ ಮಾಡಿ ಬೊಹಾಲಿ ಕೊಡತೊಡಗಿದರು. ನೋಟು ಕೊಟ್ಟರೂ ಮಾತಿನಲ್ಲಿ ಅದು ದನವೇ, ‘ಇಷ್ಟು ದನ ಸಂದಿತು’ ಅಂತಲೇ ಲೆಕ್ಕ. 1980ರ ದಶಕದ ಕೊನೆಯ ಹೊತ್ತಿಗೆ ಒಂದು ಲಕ್ಷಕ್ಕಿಂತ ಜಾಸ್ತಿ ಬಸೊಥೊ ಗಂಡಸರು ದಕ್ಷಿಣ ಆಫ್ರಿಕಾದ ಗಣಿಗಳಲ್ಲಿದ್ದರು. ಅಷ್ಟು ಚಿಕ್ಕ ದೇಶಕ್ಕೆ ಇದು ಎಂಥ ಸಂಖ್ಯೆ! ಊರಲ್ಲಿ ಹೊಲ, ಮನೆ, ಮುದುಕರು, ಮಕ್ಕಳು ಎಲ್ಲಾ ಹೆಂಗಸರ ತಲೆಗೆ. ದನ ಕಾಯುವುದು ಹುಡುಗರ ಪಾಲಿಗೆ. ಚಿಕ್ಕ ಚಿಕ್ಕ ಹುಡುಗರು ಕಂಬಳಿ ಹೊದ್ದು ಎತ್ತರದ ಬೆಟ್ಟದ ದನದ ಹಟ್ಟಿಗಳಲ್ಲಿ ತಿಂಗಳುಗಟ್ಟಲೆ ಇರುತ್ತಾರೆ, ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ಶಾಲೆ ಎಲ್ಲಿಂದ ಬರಬೇಕು? ಲೆಸೊಥೊದಲ್ಲಿ ಗಂಡಸರಿಗಿಂತ ಹೆಂಗಸರಲ್ಲಿ ಓದುಬರಹ ಬಲ್ಲವರು ಜಾಸ್ತಿ ಇರುವುದಕ್ಕೆ ಮುಖ್ಯ ಕಾರಣ ಇದೇ.

ಹಾಗಂತ ಹೆಂಗಸರಿಗೆ ಅಧಿಕಾರ ಇತ್ತು ಅಂದುಕೊಳ್ಳಬೇಡಿ. ಓದಿದವಳೇ ಆಗಲಿ, ಮನೆ ನಡೆಸುವವಳೇ ಆಗಲಿ, ಮದುವೆಯಾದ ಮೇಲೆ ಕಾನೂನಿನ ಲೆಕ್ಕದಲ್ಲಿ ಅವಳು ಗಂಡನ ಕೈಕೆಳಗಿನ ಅಪ್ರಾಪ್ತಳು. ಅವನ ಒಪ್ಪಿಗೆ ಇಲ್ಲದೆ ಸಾಲ ತಗೊಳ್ಳುವ ಹಾಗಿಲ್ಲ, ಆಸ್ತಿ ವ್ಯವಹಾರ ಮಾಡುವ ಹಾಗಿಲ್ಲ. ಇದು ಬದಲಾಗಿದ್ದು 2006ರಲ್ಲಿ, ವಿವಾಹಿತರ ಕಾನೂನು ಸಾಮರ್ಥ್ಯದ ಕಾಯ್ದೆ ಬಂದಾಗ. ಬೊಹಾಲಿ ಬೆಲೆ ಅಲ್ಲ ಅಂತ ನಾನು ಒತ್ತಿ ಹೇಳುತ್ತೇನೆ, ಆದರೆ ಅದು ನಿರಪಾಯದ ಸಂಪ್ರದಾಯ ಅಂತ ಹೇಳಲಾರೆ. ದನ ಕೊಟ್ಟಿದ್ದೇವೆ ಅನ್ನುವ ಮಾತು ಎಷ್ಟೋ ಹೆಣ್ಣುಮಕ್ಕಳ ಬಾಯಿ ಮುಚ್ಚಿಸಿದೆ, ಅದನ್ನು ಮರೆಮಾಡಿ ಪದದ ಅರ್ಥ ಹೇಳುವುದು ಸರಿಯಲ್ಲ.

1990ರ ದಶಕದಿಂದ ಗಣಿಗಳು ಕೆಲಸಗಾರರನ್ನು ಮನೆಗೆ ಕಳಿಸುತ್ತಾ ಬಂದವು. ಅತ್ತ ರಾಜಧಾನಿ ಮಸೇರು, ಮಾಪುಟ್ಸ್ವೆ ಪಟ್ಟಣಗಳ ಬಟ್ಟೆ ಕಾರ್ಖಾನೆಗಳಲ್ಲಿ ಅಮೆರಿಕಕ್ಕೆ ಹೋಗುವ ಜೀನ್ಸ್ ಹೊಲಿಯುವ ಕೆಲಸ ಸಿಕ್ಕಿದ್ದು ಹೆಚ್ಚಾಗಿ ಹೆಂಗಸರಿಗೆ. ಸಂಬಳ ಅವಳ ಕೈಗೆ, ದನ ಕೊಡಬೇಕಾದವನು ಮಾತ್ರ ಅವನೇ. ಹೀಗಾಗಿ ಏನೂ ಕೊಡದೆ, ಅಥವಾ ಸ್ವಲ್ಪ ಕೊಟ್ಟು ಮುಂದಕ್ಕೆ ತಳ್ಳಿ ಜೊತೆಗೆ ಬದುಕುವ ಜೋಡಿಗಳು ಬಹಳ. ಅವರಲ್ಲಿ ಯಾರಾದರೂ ತೀರಿಕೊಂಡಾಗ ಕಷ್ಟ ಶುರು. ಹೂಳುವ ಹಕ್ಕು ಯಾರಿಗೆ, ಗಂಡನ ಮನೆಗೋ ತವರಿಗೋ? ಇಂಥ ಜಗಳ ಕೋರ್ಟ್ ಮೆಟ್ಟಿಲು ಹತ್ತಿದಾಗ ನ್ಯಾಯಾಧೀಶರು ಈಗಲೂ ಆ 1903ರ ಮೂರು ಪ್ರಶ್ನೆಗಳನ್ನೇ ಕೇಳಬೇಕಾಗುತ್ತದೆ, ದನ ಎಷ್ಟು ಸಂದಿತ್ತು ಅನ್ನುವುದೂ ಸೇರಿ.

ಅಕ್ಕಪಕ್ಕದ ಭಾಷೆಗಳಲ್ಲಿ ಇದೇ ಪದ್ಧತಿಗೆ ಬೇರೆ ಹೆಸರುಗಳಿವೆ. ಜುಲು ಜನ ‘ಲೊಬೊಲಾ’ ಅಂತಾರೆ, ಬೋಟ್ಸ್ವಾನಾದಲ್ಲಿ ‘ಬೊಗಾಡಿ’, ಜಿಂಬಾಬ್ವೆಯ ಶೋನಾ ಜನರಲ್ಲಿ ‘ರೋರಾ’. ಲೆಕ್ಕ, ಶಾಸ್ತ್ರ, ಯಾರಿಗೆ ಎಷ್ಟು ಪಾಲು ಅನ್ನುವುದು ಒಂದೊಂದು ಕಡೆ ಒಂದೊಂದು ಥರ, ಹಾಗಾಗಿ ಒಂದರ ನಿಯಮ ಇನ್ನೊಂದಕ್ಕೆ ಹಚ್ಚಲು ಹೋಗಬೇಡಿ.