ಕಿವಿ ಚೆನ್ನಾಗಿ ಕೇಳಿಸಿದರೂ ಕಿವಿ ಟೆಸ್ಟ್ ಯಾಕೆ?

“ಸಾರ್, ಅಪ್ಪಂಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ. ತಲೆಸುತ್ತು ಅಂತ ಬಂದ್ರೆ ಕಿವಿ ಟೆಸ್ಟ್ ಯಾಕೆ?”

ಮಗ ಕೇಳಿದ್ದು ಸರಿಯಾಗಿಯೇ ಇತ್ತು. ಅವರ ತಂದೆಗೆ ಹಿಂದಿನ ದಿನದಿಂದ ತಲೆ ಸುತ್ತುತ್ತಿತ್ತು. ಎಡಗೆನ್ನೆ ಜೋಮು, ನೀರು ಕುಡಿದರೆ ಕೆಮ್ಮು. ಮೊದಲ ಎಂಆರ್‌ಐನಲ್ಲಿ ಏನೂ ಕಾಣಲಿಲ್ಲ. ಮೆದುಳಿನ ಬುಡದ ಸಣ್ಣ ಸ್ಟ್ರೋಕ್ ಮೊದಲ ದಿನ ಸ್ಕ್ಯಾನ್‌ನಿಂದ ತಪ್ಪಿಸಿಕೊಳ್ಳುವುದುಂಟು.

ಈ ಬುಡವೇ ಮೆದುಳುಕಾಂಡ, ಹೆಬ್ಬೆರಳಿನಷ್ಟು ದಪ್ಪ. ಮೇಲೆ ಮಿಡ್‌ಬ್ರೈನ್, ನಡುವೆ ಪಾನ್ಸ್, ಕೆಳಗೆ ಮೆಡುಲ್ಲಾ. ಉಸಿರು, ನುಂಗುವುದು, ಎಚ್ಚರ ಎಲ್ಲಕ್ಕೂ ಇದೇ ದಾರಿ. ಸ್ಕ್ಯಾನ್ ರಚನೆಯನ್ನು ತೋರಿಸುತ್ತದೆ. ಆ ದಾರಿಯಲ್ಲಿ ಸಂಕೇತ ಓಡುತ್ತಿದೆಯೇ ಎಂದು ತಿಳಿಯಲು ಬೇರಾ (ಮಗ ಕೇಳಿದ ಕಿವಿ ಟೆಸ್ಟ್ ಇದೇ) ಮತ್ತು ಬ್ಲಿಂಕ್ ರಿಫ್ಲೆಕ್ಸ್ (ಕಣ್ಣು ಪಿಳುಕಿಸುವ ಟೆಸ್ಟ್) ಬೇಕು.

ಬೇರಾದಲ್ಲಿ ಕಿವಿಗೆ ಟಿಕ್ ಟಿಕ್ ಸದ್ದು ಕೊಡುತ್ತೇವೆ, ಸಾವಿರಕ್ಕೂ ಜಾಸ್ತಿ ಸಲ. ತಲೆಗೆ ಅಂಟಿಸಿದ ತಂತಿಗಳಿಂದ ಬರುವುದನ್ನು ಕಂಪ್ಯೂಟರ್ ಸರಾಸರಿ ಮಾಡುತ್ತದೆ. 10 ಮಿಲಿಸೆಕೆಂಡಿನೊಳಗೆ ಐದು ಅಲೆ ಕಾಣುತ್ತವೆ. ಒಂದನೆಯದು ಕಿವಿಯ ನರದ್ದು, ಮೂರನೆಯದು ಪಾನ್ಸ್‌ನ ಕೆಳಭಾಗದ್ದು, ಐದನೆಯದು ಪಾನ್ಸ್ ದಾಟಿ ಮಿಡ್‌ಬ್ರೈನ್ ಹತ್ತಿರದ್ದು. ಒಂದರಿಂದ ಐದಕ್ಕೆ ಸುಮಾರು 4 ಮಿಲಿಸೆಕೆಂಡ್. ಅದು ಹಿಗ್ಗಿದರೆ ನಡುವೆ ಎಲ್ಲೋ ತೊಡಕಿದೆ ಎಂದರ್ಥ.

ನಮ್ಮ ರೋಗಿಯ ಬೇರಾ ಪೂರ್ತಿ ನಾರ್ಮಲ್. ದುಡ್ಡು ದಂಡವಾಯಿತು ಎಂದು ಮಗನಿಗೆ ಅನಿಸಿರಬೇಕು. ನನಗೆ ಅದೇ ದೊಡ್ಡ ಸುಳಿವು. ಕಿವಿಯ ನರ ಮೆದುಳುಕಾಂಡವನ್ನು ಸೇರುವುದೇ ಪಾನ್ಸ್ ಮತ್ತು ಮೆಡುಲ್ಲಾ ಕೂಡುವ ಕಡೆ. ಅಲ್ಲಿಂದ ದಾರಿ ಮೇಲಕ್ಕೆ ಹೋಗುತ್ತದೆ. ಆ ದಾರಿ ಚೆನ್ನಾಗಿದೆ ಎಂದರೆ ಪೆಟ್ಟು ಕೆಳಗಿರಬಹುದು, ಅಲ್ವಾ?

ಆಮೇಲೆ ಬ್ಲಿಂಕ್ ರಿಫ್ಲೆಕ್ಸ್. ಹುಬ್ಬಿನ ಮೇಲೆ ಸಣ್ಣ ಕರೆಂಟ್ ಕೊಟ್ಟರೆ ಕಣ್ಣು ಪಿಳುಕುತ್ತದೆ. 1952ರಲ್ಲಿ ಸ್ವೀಡನ್ನಿನ ನರವೈದ್ಯ ಕುಗೆಲ್‌ಬರ್ಗ್ ಇದರಲ್ಲಿ ಎರಡು ಹಂತ ಗುರುತಿಸಿದರು. ಮೊದಲನೆಯದು ಆರ್1. ಸುಮಾರು 10 ಮಿಲಿಸೆಕೆಂಡಿಗೆ, ಕರೆಂಟ್ ಕೊಟ್ಟ ಕಡೆ ಮಾತ್ರ ಬರುತ್ತದೆ, ಪಾನ್ಸ್ ಮೂಲಕ. ಎರಡನೆಯದು ಆರ್2. ಸುಮಾರು 30 ಮಿಲಿಸೆಕೆಂಡಿಗೆ ಎರಡೂ ಕಣ್ಣಿನಲ್ಲಿ ಬರುತ್ತದೆ. ಇದು ಮೆಡುಲ್ಲಾದವರೆಗೆ ಇಳಿದು ಸುತ್ತಿ ಬರುತ್ತದೆ.

ಎಡ ಹುಬ್ಬಿಗೆ ಕರೆಂಟ್ ಕೊಟ್ಟಾಗ ಅವರ ಆರ್1 ಸರಿಯಾಗಿತ್ತು, ಆರ್2 ಎರಡೂ ಕಡೆ ತುಂಬಾ ತಡವಾಗಿತ್ತು. ಬಲಕ್ಕೆ ಕೊಟ್ಟಾಗ ಎಲ್ಲವೂ ಸರಿ. ಅಂದರೆ ಕಣ್ಣು ಮುಚ್ಚಿಸುವ ನರಕ್ಕೆ ಏನೂ ಆಗಿಲ್ಲ, ಮುಖದ ಎಡಭಾಗದಿಂದ ಸುದ್ದಿ ಒಯ್ಯುವ ದಾರಿ ಮೆಡುಲ್ಲಾದ ಎಡಬದಿಯಲ್ಲಿ ಕೆಟ್ಟಿದೆ. ನುಂಗುವ ಸ್ನಾಯುಗಳನ್ನು ಆಳುವ ಜಾಗವೂ ಅಲ್ಲೇ. ಕೆಮ್ಮು ನೋಡಿಯೇ ಬಾಯಿಂದ ಊಟ ನಿಲ್ಲಿಸಿದ್ದೆವು. ಎರಡು ದಿನ ಬಿಟ್ಟು ಮಾಡಿದ ಎಂಆರ್‌ಐನಲ್ಲಿ ಅಲ್ಲೇ ಒಂದು ಚಿಕ್ಕ ಮಚ್ಚೆ ಕಂಡಿತು.

ಎಲ್ಲಕ್ಕೂ ಬೇರಾ ಸಾಲದು. ಕಿವಿಯ ನರದ ತೀರಾ ಚಿಕ್ಕ ಗೆಡ್ಡೆಯಲ್ಲಿ ಬೇರಾ ನಾರ್ಮಲ್ ಬರಬಹುದು, ಅಲ್ಲಿ ಎಂಆರ್‌ಐಯೇ ಬೇಕು. ಕೋಮಾದಲ್ಲಿರುವವರ ಮನೆಯವರು “ಅಲೆ ಬಂತಾ ಡಾಕ್ಟ್ರೇ?” ಎಂದು ಆಸೆಯಿಂದ ಕೇಳುತ್ತಾರೆ. ಐದೂ ಬಂದರೂ ಎಚ್ಚರವಾಗುತ್ತಾರೆ ಎಂದು ನಾನು ಮಾತು ಕೊಡಲಾರೆ. ಪೆಟ್ಟು ಮೇಲಿನ ದೊಡ್ಡ ಮೆದುಳಿಗೆ ಬಿದ್ದಿರಬಹುದು. ಹಾಗೆಯೇ ಒಂದನೆಯ ಅಲೆಯೂ ಸೇರಿ ಯಾವುದೂ ಬರದಿದ್ದರೆ ಮೆದುಳುಕಾಂಡ ಸತ್ತಿದೆ ಎಂದು ಬರೆಯುವುದಿಲ್ಲ. ಟಾರ್ಚ್ ಹಿಡಿದು ಮೊದಲು ಕಿವಿ ನೋಡುತ್ತೇನೆ. ತಲೆಗೆ ಏಟು ಬಿದ್ದವರ ಕಿವಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಸದ್ದು ಒಳಗೆ ಹೋಗಿಯೇ ಇರುವುದಿಲ್ಲ.